ಗಡಿಯಾರದ ಬೆನ್ನು ನೋಡುತ್ತಿದ್ದಾಕೆ

ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಮಣ್ಣು ಮಾಡಿ ಎಲ್ಲ ಮುಗಿದ ಮೇಲೆ. ನಾನೀಗ ಹಿರಿಯೂರಿನಲ್ಲಿದ್ದೇನೆ; ಚಿತ್ರದುರ್ಗ ದೂರವೇನಲ್ಲ. ತಿಳಿಸಿದ್ದರೆ ಹೋಗುತ್ತಿದ್ದೆ. ಸಾವಿನ ಮನೆಯ ಜಗಲಿಯಲ್ಲಿ ಕೂತವರು ರೂಢಿಯಂತೆ ‘ಪಾಪ, ಸಾಧು ಹೆಂಗಸು’ ಅಂದಿರುತ್ತಾರೆ. ನಾನಿದ್ದರೆ ಅಲ್ಲೇ ಅವರ ಬಾಯಿ ಮುಚ್ಚಿಸುತ್ತಿದ್ದೆ. ಅವರು ಸಾಧು ಆಗಿರಲಿಲ್ಲ. ತಮ್ಮ ಬಗ್ಗೆ ಸುಳ್ಳು ಹೇಳಿದರೂ ಅವರಿಗೆ ಸಿಟ್ಟು ಬರುತ್ತಿತ್ತು.

ಊರಿಗೆಲ್ಲ ಅವರು ಗಡಿಯಾರದಮ್ಮ. ಕೋಟೆಯ ಕಡೆ ಹೋಗುವ ಬೀದಿಯಲ್ಲಿ, ಒಂದು ಬಟ್ಟೆ ಅಂಗಡಿಯ ಪಕ್ಕದ ಸಣ್ಣ ಮಳಿಗೆಯಲ್ಲಿ ಅವರ ಗಡಿಯಾರ ರಿಪೇರಿ ಅಂಗಡಿ ಇತ್ತು. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಕುಳ್ಳಗಿನ ಗಟ್ಟಿ ಮೈ, ಬಲಗಣ್ಣಿನ ಸುತ್ತ ಭೂತಗನ್ನಡಿ ಒತ್ತಿ ಒತ್ತಿ ಉಳಿದ ಗುಂಡನೆಯ ಕಲೆ. ಮಾತಾಡುವಾಗ ಎದುರಿನವರನ್ನು ಆ ಕಣ್ಣಿನಿಂದಲೇ ನೋಡುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ತುರ್ತು ಪರಿಸ್ಥಿತಿ ಮುಗಿದ ಹೊಸತರಲ್ಲಿ. ಹೆಣ್ಣುಮಕ್ಕಳ ಹೈಸ್ಕೂಲಿಗೆ ಟೀಚರಾಗಿ ವರ್ಗವಾಗಿ ಬಂದು, ಅವರ ಅಂಗಡಿಯ ಹಿಂದಿನ ಓಣಿಯಲ್ಲಿ ಮನೆ ಮಾಡಿದ್ದೆ. ನಮ್ಮ ಮನೆಯಲ್ಲಿ ಮಾವನವರ ಕಾಲದ ಒಂದು ಅಲಾರಂ ಗಡಿಯಾರವಿತ್ತು. ನೆತ್ತಿಯ ಮೇಲೆ ಎರಡು ಗಂಟೆ ಬಟ್ಟಲು, ಕೆಳಗೆ ಮೂರು ಕಾಲು. ಮಾವನವರು ಹೊಳಲ್ಕೆರೆಯಲ್ಲಿ ರೈಲ್ವೆ ನೌಕರಿಯಲ್ಲಿದ್ದಾಗ, ಸ್ವಾತಂತ್ರ್ಯ ಬಂದು ಊರಿಗೆ ಹೊರಟ ಬಿಳಿ ದೊರೆಯೊಬ್ಬ ಕೈಯಾರೆ ಕೊಟ್ಟು ಹೋದ ಜರ್ಮನಿಯ ಗಡಿಯಾರ ಅದು ಎಂದು ಮನೆಮಂದಿಯೆಲ್ಲ ನಂಬಿದ್ದೆವು. ನಿಂತುಹೋಗಿತ್ತು. ರಿಪೇರಿಗೆ ಒಯ್ದವಳು, ಎಷ್ಟು ಬೆಲೆ ಬಾಳಬಹುದು ಅಂತಲೂ ಕೇಳಿದೆ.

ಅವರು ಗಡಿಯಾರದ ಮುಖವನ್ನೇ ನೋಡಲಿಲ್ಲ. ಬಟ್ಟೆ ಹಾಸಿ ಬೋರಲು ಮಲಗಿಸಿದರು.

“ಮುಖ ಆಮೇಲೆ ನೋಡಾಣ. ಮೊದ್ಲು ಬೆನ್ನು,” ಅಂದರು.

ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಸುಮಾರು ಹೊತ್ತು ಬಗ್ಗಿ ನೋಡಿದರು. ಆಮೇಲೆ ತಲೆಯೆತ್ತಿ, “ಅಮ್ಮಾ, ಗಂಟೆ ಬಟ್ಲು ಒಂದು ಗಡಿಯಾರದ್ದು. ಕಾಲು ಇನ್ನೊಂದರದ್ದು. ಒಳಗಿನ ಯಂತ್ರ ಮೂರನೇದರದ್ದು. ಯಾರೋ ಸಂತೇಲಿ ಕುಂತು ಕೂಡ್ಸಿದಾರೆ. ಚೆನ್ನಾಗಿ ಕೂಡ್ಸಿದಾರೆ, ಅದು ಬ್ಯಾರೆ ಮಾತು,” ಅಂದರು.

“ದೊರೆ ಕೊಟ್ಟಿದ್ದಂತೆ,” ಅಂದೆ.

“ಹಂಗಾದ್ರೆ ದೊರೆಗೂ ಟೋಪಿ ಹಾಕಿದಾರೆ.”

ನನಗೆ ಕೋಪ ಬಂತು. ಹಾಗಾದರೆ ನಮ್ಮ ಮಾವನವರು ಸುಳ್ಳು ಹೇಳಿದರು ಅಂತಲಾ ನೀವು ಹೇಳುವುದು ಅಂದೆ. “ನಿಮ್ಮ ಮಾವ ಏನು ಹೇಳಿದ್ರೋ ನಂಗೆ ಗೊತ್ತಿಲ್ಲ. ಇದು ಏನು ಹೇಳ್ತೈತೆ ಅಂತ ಹೇಳ್ದೆ. ಈಗ ರಿಪೇರಿ ಮಾಡ್ಲಾ, ಬ್ಯಾಡ್ವಾ?” ಅಂದರು. ಮಾಡಿ ಅಂದೆ. ಮೂರು ಗಡಿಯಾರಗಳ ಆ ಒಂದು ಗಡಿಯಾರ ಆಮೇಲೆ ನನ್ನ ಮಕ್ಕಳ ಓದು ಮುಗಿಯುವ ತನಕ ದಿನವೂ ಮನೆಯನ್ನು ಎಬ್ಬಿಸಿತು. ನಾನು ಸಂಜೆ ಸ್ಕೂಲು ಬಿಟ್ಟು ಬರುವಾಗ ಅವರ ಅಂಗಡಿಯ ಮುಂದೆ ನಿಂತು ಮಾತಾಡುವುದು ರೂಢಿಯಾಯಿತು.

ಕಸುಬು ಅವರ ಗಂಡನದು. ಆತ ಒಳ್ಳೆಯ ಕೆಲಸಗಾರ. ಕೊನೆಯ ವರ್ಷಗಳಲ್ಲಿ ಕೈ ನಡುಕ ಬಂದು ಸಣ್ಣ ಸ್ಕ್ರೂ ಹಿಡಿಯಲಾಗದೆ ಹೋದಾಗ, ಆತ ಹೇಳುತ್ತಾ ಹೋದಂತೆ ಇವರು ಬಿಚ್ಚಿ, ತೊಳೆದು, ಕೂಡಿಸುತ್ತಿದ್ದರು. ಆತ ಹೋದ ಮೇಲೆ ಮೈದುನ ಬಂದು ಸಾಮಾನು ಕಟ್ಟಿಕೊಂಡು ಹೋಗಲು ಗೋಣಿಚೀಲ ಬಿಡಿಸಿದನಂತೆ. “ಅತ್ತಿಗೆ, ಹೆಂಗಸ್ರು ಕುಂತ್ರೆ ಈ ಅಂಗಡಿಗೆ ಯಾರು ಬರ್ತಾರೆ? ಮುಚ್ಚೋದೇ ವಾಸಿ.”

“ಯಾರೂ ಬರ್ದಿದ್ರೆ ನಾನೇ ಮುಚ್ತೀನಿ. ನೀನ್ಯಾಕಪ್ಪ ಮುಚ್ತೀಯ?” ಅಂದು ಇವರು ಆ ಚೀಲವನ್ನು ಮಡಿಸಿ ಅವನ ಕಂಕುಳಿಗೇ ಸಿಕ್ಕಿಸಿ ಕಳಿಸಿದರು. ಜನ ಮೊದಮೊದಲು ಬರಲಿಲ್ಲ, ಬಂದವರೂ “ಯಜಮಾನ್ರು ಇಲ್ವಾ?” ಅಂತ ಕೇಳುತ್ತಿದ್ದರು. “ನಾನೇ ಯಜಮಾನ,” ಅನ್ನುತ್ತಿದ್ದರು.

ರಿಪೇರಿಗಿಂತ ಹೆಚ್ಚಾಗಿ ಅವರ ಹೆಸರು ಹಬ್ಬಿದ್ದು ಹಳೆಯ ಗಡಿಯಾರಗಳನ್ನು ಗುರುತು ಹಿಡಿಯುವುದಕ್ಕೆ. ಆ ಕಾಲಕ್ಕೆ ಹಳೆ ಸಾಮಾನು ಕೊಳ್ಳುವವರು ಬೆಂಗಳೂರಿನಿಂದ ಬಂದು ಹಳೆ ಮನೆಗಳ ಅಟ್ಟ ಹುಡುಕಿಸುತ್ತಿದ್ದರು. ಹೊಸದುರ್ಗ, ಹೊಳಲ್ಕೆರೆ ಕಡೆಯ ಜನ ಕೊಡುವ ಮುಂಚೆ ಬಸ್ಸಿನಲ್ಲಿ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಇವರಲ್ಲಿಗೆ ಬರುತ್ತಿದ್ದರು. ಇವರ ಕ್ರಮ ಒಂದೇ. ಮೊದಲು ಬೆನ್ನು. ವೇಗ ಹೆಚ್ಚುಕಡಿಮೆ ಮಾಡುವ ಕಡ್ಡಿಯ ಪಕ್ಕ ಯಾವ ಭಾಷೆಯ ಅಕ್ಷರ ಕೊರೆದಿದೆ, ಅದು ಎಲ್ಲಿಗೆ ಕಳಿಸಲು ಮಾಡಿದ ಗಡಿಯಾರ ಅನ್ನುವುದಕ್ಕೆ ಒಂದು ಸುಳಿವು. ಆಮೇಲೆ ಸ್ಕ್ರೂಗಳ ತಲೆ: ಎಷ್ಟು ಕೈಗಳು ಬಿಚ್ಚಿವೆ ಅನ್ನುವುದಕ್ಕೆ ಅಲ್ಲಿನ ಗೀರು. ಹಿತ್ತಾಳೆ ತಗಡು ದಪ್ಪವೋ ತೆಳುವೋ. ಬೇರೆ ಯಂತ್ರ ಕೂರಿಸಲು ಯಾರಾದರೂ ಹೊಸದಾಗಿ ತೂತು ಹೊಡೆದಿದ್ದಾರೋ. ಆಮೇಲೆ ಕೀಲಿ ಕೊಟ್ಟು ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಎಲ್ಲಕ್ಕೂ ಕೊನೆಗೆ ಮುಖ, ಅದರ ಮೇಲಿನ ಹೆಸರು.

“ಹೆಸ್ರು ಯಾರು ಬೇಕಾದ್ರೂ ಬರೀಬೋದು ಟೀಚರ್. ಬೆನ್ನಾಗೆ ಸುಳ್ಳು ಬರ್ಯಾಕೆ ಯಾರೂ ಕಷ್ಟ ಪಡಾಕಿಲ್ಲ.”

ಅವರು ತಪ್ಪೇ ಮಾಡುತ್ತಿರಲಿಲ್ಲ ಎಂದಲ್ಲ. ಹೊಸದುರ್ಗದ ಹೋಟೆಲಿನವರೊಬ್ಬರ ಗಡಿಯಾರವನ್ನು ಒಮ್ಮೆ ಇತ್ತೀಚಿನದು ಎಂದು ಹೇಳಿ ಕಳಿಸಿದ್ದರು. ಕೆಲವು ತಿಂಗಳ ಮೇಲೆ ಅಂಥದೇ ಇನ್ನೊಂದು ಕೈಗೆ ಬಂದಾಗ, ತಾವು ಹೊಸ ಕಲಾಯಿ ಎಂದುಕೊಂಡದ್ದು ಹಳೆಯದೇ ಎಂದು ಗೊತ್ತಾಯಿತು. ಆವತ್ತೇ ಅಂಗಡಿ ಮುಚ್ಚಿ ಹೊಸದುರ್ಗದ ಬಸ್ಸು ಹತ್ತಿದರು. ಆ ಮನುಷ್ಯ ಅಷ್ಟರಲ್ಲಿ ಗಡಿಯಾರವನ್ನು ಅಗ್ಗಕ್ಕೆ ಯಾರಿಗೋ ಕೊಟ್ಟಾಗಿತ್ತು. ತುಂಬಿದ ಹೋಟೆಲಿನಲ್ಲಿ ನಿಲ್ಲಿಸಿ ಬೈದನಂತೆ. ಇವರು ಪೂರ್ತಿ ಬೈಸಿಕೊಂಡು ವಾಪಸು ಬಂದರು.

“ಅಲ್ರೀ, ಹೋಗದೇ ಇದ್ದಿದ್ರೆ ಅವನಿಗೆ ಗೊತ್ತೇ ಆಗ್ತಿರಲಿಲ್ಲವಲ್ಲ,” ಅಂದೆ.

“ತಪ್ಪು ಹೇಳಿದ್ದು ನಾನು. ತಿದ್ದಾಕೆ ಇನ್ಯಾರು ಬಸ್ ಹತ್ತಬೇಕಿತ್ತು?”

ಆ ಹೋಟೆಲಿನವನು ಬೈದದ್ದನ್ನು ಹತ್ತಾರು ಜನ ಕೇಳಿದ್ದರು. ಅಲ್ಲಿಂದ ಮುಂದೆ ಹೊಸದುರ್ಗದಿಂದ ಬರುವವರು ಇನ್ನೂ ಹೆಚ್ಚಾದರು.

ಈ ಹೆಸರೇ ಅವರಿಗೆ ಮುಳುವಾಯಿತು. ಅವರ ಮಳಿಗೆಯ ಮಾಲೀಕರು ಪಕ್ಕದ ಬಟ್ಟೆ ಅಂಗಡಿಯ ಯಜಮಾನರು. ಆ ಸಾಲಿನ ಮಳಿಗೆಗಳೆಲ್ಲ ಅವರವೇ. ದೊಡ್ಡ ಮನುಷ್ಯರು, ಬೀದಿಯಲ್ಲಿ ಯಾರೂ ಅವರಿಗೆ ಎದುರಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರು ಬೆಂಗಳೂರಿನ ಒಬ್ಬ ಹಳೆ ಸಾಮಾನಿನ ವ್ಯಾಪಾರಿಯನ್ನು ಕರೆದುಕೊಂಡು ಇವರ ಅಂಗಡಿಗೆ ಬಂದರು. ಅಂದು ಭಾನುವಾರ, ನಾನೂ ಅಲ್ಲಿದ್ದೆ. ಯಜಮಾನರ ಕೈಯಲ್ಲಿ ರೇಷ್ಮೆ ಬಟ್ಟೆ ಸುತ್ತಿದ ಒಂದು ಅಲಾರಂ ಗಡಿಯಾರ. ಡಯಲ್ಲಿನ ನಡುವೆ ಅರಮನೆಯ ಲಾಂಛನ, ಎರಡು ತಲೆಯ ಗಂಡಭೇರುಂಡ, ಕೆಂಪು ಮತ್ತು ಚಿನ್ನದ ಬಣ್ಣದಲ್ಲಿ.

“ನಮ್ಮ ತಾತಂಗೆ ಅರಮನೆಯಿಂದ ಬಂದ ಉಡುಗೊರೆ,” ಅಂದರು ಯಜಮಾನರು. “ಇವರು ಕೊಳ್ತಾರೆ. ಆದ್ರೆ ಗಡಿಯಾರದಮ್ಮ ಹೌದು ಅಂದ್ರೆ ಮಾತ್ರ ಅಂತಾರೆ. ನೋಡಿ ಒಂದು ಮಾತು ಹೇಳಮ್ಮ.”

ಗಡಿಯಾರದಮ್ಮ ಬೋರಲು ಮಲಗಿಸಿ ಬಿಚ್ಚಿದರು. ಬೆನ್ನು ನೋಡುತ್ತಿದ್ದಂತೆ ಅವರ ಮುಖ ಅರಳಿತು. “ಅಬ್ಬ, ಏನು ಚೆಂದ ಐತೆ. ಒಂದು ಸ್ಕ್ರೂನೂ ಬದ್ಲಾಗಿಲ್ಲ. ವಿಲಾಯ್ತಿದೇ. ಸಾಚಾ ಮಾಲು.” ಯಜಮಾನರು ವ್ಯಾಪಾರಿಯ ಕಡೆ ನೋಡಿ ನಕ್ಕರು. ಇವರು ಗಡಿಯಾರ ತಿರುಗಿಸಿ, ಗಾಜು ತೆಗೆದು, ಮುಖದ ಮೇಲೆ ಭೂತಗನ್ನಡಿ ಹಿಡಿದರು. ಹಿಡಿದವರು ಹಾಗೇ ಉಳಿದರು.

“ಏನಮ್ಮ?”

“ಡಯಲ್ಲಿನಾಗೆ ಅಲ್ಲಲ್ಲಿ ತುಕ್ಕು ಐತೆ. ಈ ಹಕ್ಕಿ ಬಣ್ಣ ಆ ತುಕ್ಕಿನ ಮ್ಯಾಲೆ ಕುಂತೈತೆ.” ಭೂತಗನ್ನಡಿ ಕಳಚಿ ವ್ಯಾಪಾರಿಗೆ ಕೊಟ್ಟರು. “ನೀವೂ ನೋಡ್ರಿ. ಮೊದ್ಲು ತುಕ್ಕು ಹಿಡಿದೈತೆ, ಆಮೇಲೆ ಹಕ್ಕಿ ಬಂದೈತೆ. ಗಡಿಯಾರ ಸಾಚಾ. ಕತೆ ಸಾಚಾ ಅಲ್ಲ.”

ವ್ಯಾಪಾರಿ ನೋಡಿದ. ಭೂತಗನ್ನಡಿ ವಾಪಸು ಕೊಟ್ಟು, ಯಜಮಾನರಿಗೆ ಕೈಮುಗಿದು ಹೊರಟುಹೋದ. ಯಜಮಾನರು ಗಡಿಯಾರವನ್ನು ಮತ್ತೆ ರೇಷ್ಮೆಯಲ್ಲಿ ಸುತ್ತುತ್ತಾ ಮೆಲ್ಲಗೆ ಹೇಳಿದರು: “ಅವನನ್ನ ನಾಳೆ ಇನ್ನೊಂದ್ಸಲ ಕರೆಸ್ತೀನಿ. ನಿನ್ನೆ ಕಣ್ಣು ಮಂಜಾಗಿತ್ತು, ತಪ್ಪು ನೋಡ್ದೆ ಅಂತ ಹೇಳು. ಇಲ್ಲಾಂದ್ರೆ ಮಳಿಗೆ ಖಾಲಿ ಮಾಡು.”

ಅವರು ಹೋದ ಮೇಲೆ ನಾನೇ ಸಮಾಧಾನದ ಮಾತಾಡಿದೆ. ಗಡಿಯಾರದಮ್ಮನ ಮಗಳು ಆಗ ಟೀಚರ್ ಟ್ರೇನಿಂಗಿನಲ್ಲಿದ್ದಳು. ಆ ಬೀದಿಯಲ್ಲಿ ಇನ್ನೊಂದು ಮಳಿಗೆ ಸಿಗುವಂತಿರಲಿಲ್ಲ. “ಒಂದು ಮಾತು ತಾನೆ? ಕೊಳ್ಳೋನು ಶ್ರೀಮಂತ, ಮಾರೋನು ಶ್ರೀಮಂತ. ನಡುವೆ ನಿಮಗೇನು?”

“ನನ್ನತ್ರ ಇರೋದೇ ಒಂದು ಮಾತು ಟೀಚರ್. ಅದನ್ನೂ ಅವರಿಗೆ ಕೊಟ್ಟು ನಾನೇನು ಇಟ್ಕಳ್ಳಿ?” ಅಂದವರು ಅರ್ಧಕ್ಕೆ ಬಿಟ್ಟಿದ್ದ ಬೇರೆ ಗಡಿಯಾರವನ್ನು ಕೈಗೆತ್ತಿಕೊಂಡರು. ಆದರೆ ಆಗಲೇ ಕೂಡಿಸಿಟ್ಟಿದ್ದ ಸ್ಕ್ರೂವನ್ನೇ ಅವರು ಮತ್ತೆ ಬಿಚ್ಚತೊಡಗಿದ್ದನ್ನು ನಾನು ಕಂಡೆ. ಹೆದರಿಕೆ ಅವರಿಗೆ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅದೂ ಸುಳ್ಳೇ.

ಮಾರನೆಯ ದಿನ ವ್ಯಾಪಾರಿ ಬಂದ, ಇವರು ಹಿಂದಿನ ದಿನದ ಮಾತನ್ನೇ ಹೇಳಿದರು. ಅದರ ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಅವರ ಬೀಗದ ಮೇಲೆ ಇನ್ನೊಂದು ದೊಡ್ಡ ಬೀಗ. ಯಜಮಾನರು ಪಕ್ಕದಲ್ಲೇ ತಮ್ಮ ಗಲ್ಲಾದ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಾನು ಸ್ಕೂಲಿಗೆ ಹೊರಟವಳು ಜನ ಕಂಡು ನಿಂತೆ.

“ನಂದೇನು ಬೇಕಾದ್ರೂ ಇಟ್ಕಳ್ರಿ,” ಅಂದರು ಗಡಿಯಾರದಮ್ಮ. “ಒಳಗಿರೋ ಗಡಿಯಾರ ಜನಗಳವು. ಅವನ್ನ ಕೊಡ್ರಿ.”

“ಬೀಗದ ಕೈ ಹೊಳಲ್ಕೆರೆಗೆ ಹೋಗೈತೆ. ಬಂದಾಗ ಕೊಡಾಣ,” ಅಂದರು ಯಜಮಾನರು, ಪೇಪರಿನಿಂದ ಕಣ್ಣು ತೆಗೆಯದೆ.

ಇವರು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮುಚ್ಚಿದ ಬಾಗಿಲ ಒಳಗಿನಿಂದ ಒಂದು ಅಲಾರಂ ಹೊಡೆದುಕೊಳ್ಳಲು ಶುರುವಾಯಿತು. ಅದು ಸುಮ್ಮನಾಗುವಷ್ಟರಲ್ಲಿ ಇನ್ನೊಂದು. ಅದರ ಹಿಂದೆ ಮತ್ತೊಂದು, ಒಡಕು ದನಿಯದು. ರಿಪೇರಿಯಾದ ಅಲಾರಂಗಳನ್ನು ಪರೀಕ್ಷೆ ಮಾಡಲು ಇವರು ಹಿಂದಿನ ಸಂಜೆ ಕೀಲಿ ಕೊಟ್ಟು, ಬೆಳಗಿನ ಬೇರೆ ಬೇರೆ ಹೊತ್ತಿಗೆ ಮುಳ್ಳು ಕೂರಿಸಿ ಹೋಗುವುದಿತ್ತು. ಕಪಾಟಿನ ತುಂಬ ಅಂಥವೇ. ಬೀಗ ಹಾಕಿದವರಿಗೆ ಅದು ಹೊಳೆದಿರಲಿಲ್ಲ. ಆ ಗಾಬರಿಯಲ್ಲಿ ಇವರಿಗೂ ನೆನಪಿರಲಿಲ್ಲ ಅನ್ನಿಸುತ್ತದೆ. ಮೊದಲನೆಯದು ಹೊಡೆದಾಗ ಇವರೇ ಬೆಚ್ಚಿಬಿದ್ದರು. ಆಮೇಲೆ ಮೆಟ್ಟಿಲ ಮೇಲೆ ಕೂತೇ ಪ್ರತಿ ಸದ್ದಿಗೂ ವಾರಸುದಾರರ ಹೆಸರು ಕೂಗತೊಡಗಿದರು.

“ಇದು ಕಂಡಕ್ಟರ್ ಮನೇದು! ಇದು ಬಬ್ಬೂರು ಮೇಷ್ಟ್ರದು! ಇದು ನರ್ಸಮ್ಮಂದು, ನೋಡ್ರಿ, ಡ್ಯೂಟಿಗೆ ಹೊತ್ತಾಯ್ತು ಅಂತೈತೆ!”

ಬೀದಿ ಸೇರಿತು. ಜನ ನಗಲು ಶುರು ಮಾಡಿದರು. ಬಟ್ಟೆ ಅಂಗಡಿಗೆ ಬಂದ ಗಿರಾಕಿಗಳು ಸೀರೆ ಬಿಟ್ಟು ಹೊರಗೆ ಬಂದು ನಿಂತರು. ಕಂಡಕ್ಟರ್ ನಿಜವಾಗಿಯೂ ಅಲ್ಲೇ ಇದ್ದ. ಅವನು ಯಜಮಾನರ ಗಲ್ಲಾದ ಮುಂದೆ ಹೋಗಿ, “ನನ್ನ ಗಡಿಯಾರ ಕರೀತಾ ಐತೆ ಸ್ವಾಮಿ,” ಅಂದ. ಇನ್ನೊಂದು ಅಲಾರಂ ಹೊಡೆಯಿತು. ಹೊಳಲ್ಕೆರೆಗೆ ಹೋಗಿದ್ದ ಬೀಗದ ಕೈ ಯಜಮಾನರ ಜೇಬಿನಿಂದಲೇ ಹೊರಗೆ ಬಂತು.

ಮಳಿಗೆಯಂತೂ ಹೋಯಿತು. ಆದರೆ ಅವರು ಬೀದಿ ಬಿಡಲಿಲ್ಲ. ಎದುರು ಸಾಲಿನಲ್ಲಿ ಸೋಡಾ ಅಂಗಡಿಯ ಸಾಬರು ತಮ್ಮ ತಗಡಿನ ಚಪ್ಪರದ ಕೆಳಗೆ ಜಾಗ ಬಿಟ್ಟುಕೊಟ್ಟರು. “ಬರ್ರಿ ಬೆಹೆನ್‌ಜಿ, ಕುಂತ್ಕಳ್ರಿ. ಬಾಡಿಗೆ ಬ್ಯಾಡ, ನನ್ನ ಗಡಿಯಾರ ನಡೆಸಿಕೊಟ್ರೆ ಸಾಕು,” ಅಂದರು. ಇವರು ಮೇಜನ್ನು ಚಪ್ಪರದ ಒಳಗಡೆಯ ನೆರಳಿಗೆ ಹಾಕಬಹುದಿತ್ತು. ಹಾಕಲಿಲ್ಲ. ರಸ್ತೆಯ ಅಂಚಿಗೆ, ಬಟ್ಟೆ ಅಂಗಡಿಯ ಗಲ್ಲಾಕ್ಕೆ ಸರಿಯಾಗಿ ಎದುರು ಹಾಕಿದರು.

“ಧೂಳು ಬರ್ತದ್ರೀ. ಗಡಿಯಾರಕ್ಕೆ ಆಗಲ್ಲ,” ಅಂದೆ.

“ಧೂಳು ಒರೆಸ್ಕಂತೀನಿ. ಅವರು ದಿನಾ ಕಣ್ಣೆತ್ತಿದ್ರೆ ನಾನು ಕಾಣ್ಬೇಕು.”

ಹಾಗೆ ಅವರು ವರ್ಷಗಟ್ಟಲೆ ಅಲ್ಲಿ ಕೂತರು. ಮಗಳಿಗೆ ಮದಕರಿಪುರದ ಕಡೆ ಕೆಲಸ ಸಿಕ್ಕಿತು. ಮನೆಯಲ್ಲಿರಮ್ಮ ಅಂತ ಅವಳು ಅಂದರೂ ಇವರು ಕೇಳಲಿಲ್ಲ. ಬ್ಯಾಟರಿ ಗಡಿಯಾರ ಬಂದು ಕೀಲಿ ಗಡಿಯಾರಗಳು ಅಟ್ಟ ಸೇರಿದವು. ಆಗ ಹಳೆಯವುಗಳ ಬೆಲೆ ಕೇಳುವವರೇ ಹೆಚ್ಚಾದರು. ಬಟ್ಟೆ ಅಂಗಡಿಯ ಯಜಮಾನರು ತಮ್ಮ ಗಲ್ಲಾವನ್ನು ಒಳಗಿನ ಗೋಡೆಯ ಕಡೆಗೆ ತಿರುಗಿಸಿ ಹಾಕಿಸಿಕೊಂಡರು. ಅದನ್ನು ಕಂಡ ದಿನ ಗಡಿಯಾರದಮ್ಮ ನನಗೂ ಸಾಬರಿಗೂ ಮಂಡಕ್ಕಿ ಮಿರ್ಚಿ ತರಿಸಿದರು.

ಯಜಮಾನರು ತೀರಿಕೊಂಡ ಮೇಲೆ ಮಗ ಅಂಗಡಿಯಲ್ಲಿ ಕೂತ. ವರ್ಷ ಕಳೆದಿರಬೇಕು, ಒಂದು ಸಂಜೆ ನಾವು ಮಾತಾಡುತ್ತಾ ಕೂತಿದ್ದಾಗ ಯಜಮಾನರ ಹೆಂಡತಿ ರಸ್ತೆ ದಾಟಿ ಬಂದರು. ಅವರನ್ನು ನಾವು ಅಷ್ಟು ವರ್ಷದಲ್ಲಿ ಕಾರಿನ ಒಳಗೋ ಮನೆಯ ಹೊಸಿಲ ಮೇಲೋ ಮಾತ್ರ ನೋಡಿದ್ದೆವು. ಸೆರಗಿನ ಕೆಳಗೆ ಏನೋ ಇತ್ತು. ಮೇಜಿನ ಮೇಲಿಟ್ಟರು. ಅದೇ ಗಡಿಯಾರ, ಅದೇ ಹಕ್ಕಿ.

“ನನ್ನ ಮಗ ನಾಳೆ ಯಾರನ್ನೋ ಕರೆಸ್ತಾನೆ, ಮಾರಾಕೆ,” ಅಂದರು. “ಮತ್ತೆ ಅದೇ ಅರಮನೆ ಕತೆ.”

“ನನ್ನ ಮಾತೂ ಅದೇ ಐತೆ ತಾಯಿ,” ಅಂದರು ಗಡಿಯಾರದಮ್ಮ, ಗಟ್ಟಿಯಾಗಿ.

“ನಿಮ್ಮ ಮಾತು ಬದಲಾಯಿಸ್ರಿ ಅನ್ನಾಕೆ ಬಂದಿಲ್ಲ. ಈ ಹಕ್ಕಿ ಅಳಿಸ್ಬೇಕು. ಆಗ್ತದಾ?”

ಗಡಿಯಾರದಮ್ಮ ಆಕೆಯ ಮುಖ ನೋಡಿದರು.

“ಇದು ಅವರ ತಾತಂದಲ್ಲ,” ಅಂದರು ಆಕೆ. “ನಮ್ಮಪ್ಪಂದು. ಮಾಡದಕೆರೆ ನಮ್ಮದು. ಕುರಿ ಇದ್ವು, ಅಪ್ಪ ಕಂಬಳಿ ವ್ಯಾಪಾರಕ್ಕೆ ಬೊಂಬಾಯಿ ತನಕ ಹೋಗ್ತಿದ್ದ. ಅಲ್ಲಿಂದ ತಂದಿದ್ದು. ನನ್ನ ಮದುವ್ಯಾಗೆ ಕೊಟ್ಟ. ‘ಕಂಬಳಿ ಮಾರೋರ ಗಡಿಯಾರ ಅಂದ್ರೆ ಯಾರು ಕೊಳ್ತಾರೆ’ ಅಂತ ಇವರು ಬೋರ್ಡ್ ಬರೆಯೋನನ್ನ ಮನೆಗೆ ಕರೆಸಿ ಹಕ್ಕಿ ಬರೆಸಿದ್ರು. ಅವನಿಗೆ ಕಾಫಿ ಮಾಡಿಕೊಟ್ಟಿದ್ದೂ ನಾನೇ.”

ಸಾಬರು ಸೋಡಾ ಒಡೆಯುವುದನ್ನು ನಿಲ್ಲಿಸಿದ್ದರು.

“ಅಳಿಸ್ಬೋದು. ಕೆಳಗಿನ ಬಣ್ಣವೂ ಒಂದಿಷ್ಟು ಏಳ್ತೈತೆ. ತುಕ್ಕು ಕಾಣ್ತೈತೆ,” ಅಂದರು ಗಡಿಯಾರದಮ್ಮ. “ಹಕ್ಕಿ ಇದ್ರೆ ತಿಳೀದೋರು ಯಾರಾದ್ರೂ ಹೆಚ್ಚಿಗೆ ಕೊಟ್ಟಾರು. ಅಳಿಸಿದ್ರೆ ಬರೀ ಗಡಿಯಾರದ ಬೆಲೆ. ಮಗ ಸುಮ್ಕಿರ್ತಾನಾ?”

“ಬೆಲೆ ಇಳಿದ್ರೆ ಇಳೀಲಿ. ಅಳಿಸ್ರಿ.”

ಗಡಿಯಾರದಮ್ಮ ಹತ್ತಿಯನ್ನು ಕಡ್ಡಿಗೆ ಸುತ್ತಿ ಟರ್ಪೆಂಟೈನಿನಲ್ಲಿ ಅದ್ದಿದರು. ಮೊದಲು ಒಂದು ತಲೆ ಹೋಯಿತು, ಆಮೇಲೆ ಇನ್ನೊಂದು. ಹತ್ತಿ ಕೆಂಪಾಗಿ ಕೆಂಪಾಗಿ ಬದಲಾಯಿಸುತ್ತಾ ಹೋದರು. ಅಡಿಯಿಂದ ಮಾಸಿದ ಬಿಳಿ, ಮೂರ್ನಾಲ್ಕು ಕಂದು ತುಕ್ಕಿನ ಚುಕ್ಕೆ, ಅರ್ಧ ಅಳಿದ ವಿಲಾಯ್ತಿ ಅಕ್ಷರಗಳು ಕಾಣಿಸಿಕೊಂಡವು. ಆಕೆ ಬಗ್ಗಿ ನೋಡಿ, “ಹ್ಞೂಂ. ಹಿಂಗೇ ಇತ್ತು,” ಅಂದರು. ಕಣ್ಣು ಒದ್ದೆಯಾಗಿದ್ದವು.

“ಇದು ಕಂಬಳಿ ವ್ಯಾಪಾರಿದು, ಮಾಡದಕೆರೆಯೋರದು ಅಂತ ಒಂದು ಮಾತು ನೀವು ನನ್ನ ಮಗನಿಗೆ ಹೇಳ್ರಿ. ನೀವು ಹೇಳಿದ್ರೆ ಊರೇ ನಂಬ್ತದೆ.”

ಗಡಿಯಾರದಮ್ಮ ತಲೆಯಾಡಿಸಿದರು. “ಅದು ನನ್ನಿಂದ ಆಗಲ್ಲ ತಾಯಿ.”

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆ ಹೆಂಗಸಿಗೆ ಇನ್ನೂ ಹೇಗಾಗಿರಬೇಡ! “ಯಾಕ್ರೀ? ನಿಜ ತಾನೆ ಅವರು ಹೇಳ್ತಿರೋದು?” ಅಂದೆ.

“ನಿಜ ಅಂತ ನಂಗೂ ಅನಿಸ್ತೈತೆ. ಆದ್ರೆ ಇದರ ಬೆನ್ನಾಗೆ ಅದು ಬರೆದಿಲ್ಲ ಟೀಚರ್. ಗಡಿಯಾರ ಹೇಳೋದನ್ನ ನಾನು ಹೇಳ್ತೀನಿ. ಇವರಪ್ಪನ ಮಾತು ನಾನು ಹೆಂಗೆ ಹೇಳ್ಲಿ? ನಾನೇನು ಕಂಡಿದೀನಾ?” ಆಮೇಲೆ ಆಕೆಯ ಕಡೆ ತಿರುಗಿದರು. “ಕಂಡೋರು ನೀವು. ನೀವು ಹೇಳ್ರಿ.”

“ನನ್ನ ಮಾತು ಆ ಅಂಗಡ್ಯಾಗೆ ಯಾರು ಕೇಳ್ತಾರೆ?”

“ಕೇಳಲ್ಲ ಅಂತ ಹೇಳದೇ ಇದ್ರೆ, ಹಕ್ಕಿ ಅಳಿಸಿದ್ದು ಸುಮ್ಕೆ ಆಯ್ತಲ್ಲ.”

ಆಕೆ ಗಡಿಯಾರವನ್ನು ತೆಗೆದುಕೊಂಡರು, ಸೆರಗಿನ ಕೆಳಗೆ ಅಲ್ಲ, ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದರು. ರಸ್ತೆ ದಾಟಿದರು. ಅಂಗಡಿಯಲ್ಲಿ ಸಂಜೆಯ ಗಿರಾಕಿಗಳು ತುಂಬಿದ್ದರು. ಮಗ ಗಡಿಯಾರ ನೋಡಿ ಗಲ್ಲಾದಿಂದ ಎದ್ದು ನಿಂತ. “ಅಮ್ಮಾ! ಏನು ಮಾಡ್ಕೊಂಡು ಬಂದೆ ಇದನ್ನ? ಹಕ್ಕಿ ಎಲ್ಲಿ?” ಎಂದು ಅವನು ಕೂಗಿದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಆಕೆ ಹೇಳಿದ್ದು ಕೇಳಿಸಲಿಲ್ಲ. ತುಟಿ ಆಡಿದ್ದು ಮಾತ್ರ ಕಂಡಿತು. ಮಗ ಕೈಬೀಸಿ ಏನೋ ಅಂದ, ಗಿರಾಕಿಗಳು ಮುಖ ಮುಖ ನೋಡಿಕೊಂಡರು, ಆಕೆಯ ತಲೆ ತಗ್ಗಿತು.

ಗಡಿಯಾರದಮ್ಮ ಮೇಜಿಗೆ ಕೈಯೂರಿ ಎದ್ದರು. ಮಂಡಿ ನೋವಿನಿಂದ ಏಳುವುದೇ ಕಷ್ಟವಾಗಿದ್ದ ದಿನಗಳು ಅವು. ರಸ್ತೆಯ ಅಂಚಿಗೆ ಬಂದು ನಿಂತು, ನಡುವೆ ಹೋಗುತ್ತಿದ್ದ ಎತ್ತಿನ ಗಾಡಿ, ಸೈಕಲ್ಲುಗಳ ಮೇಲಿಂದ ಕೂಗಿದರು:

“ತಾಯಿ! ಜೋರಾಗಿ ಹೇಳ್ರಿ! ಇಲ್ಲಿಗೆ ಕೇಳಿಸ್ತಿಲ್ಲ!”

ಬೀದಿಯೇ ಆ ಕಡೆ ತಿರುಗಿತು. ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಆಕೆ ನಮ್ಮ ಕಡೆ ತಿರುಗಿ ನಿಂತರು. ಸೆರಗು ಹೆಗಲಿನಿಂದ ಜಾರಿದ್ದನ್ನೂ ಸರಿಮಾಡಿಕೊಳ್ಳದೆ ಗಡಿಯಾರವನ್ನು ಎತ್ತಿ ಹಿಡಿದು, ತಮ್ಮಪ್ಪನ ಹೆಸರು ಹೇಳಿದರು, ಊರಿನ ಹೆಸರು ಹೇಳಿದರು, ಕಂಬಳಿ ಮಾರುತ್ತಿದ್ದ ಅಂತ ಹೇಳಿದರು. ಈ ಸಲ ನಮಗೆ ಒಂದೊಂದು ಮಾತೂ ಕೇಳಿಸಿತು.